ಕಾಲುವೆ ಕಡೆಯಿಂದ ಗಿರಣಿ ಕಡೆಗೆ

ಥಾರ್ನ್‌ಕ್ಲಫ್
ಏಪ್ರಿಲ್ 25, ಶುಕ್ರವಾರ

ಪ್ರಿಯ ಕ್ಲಿಫರ್ಡ್,

ಸಂಜೆ ಆರೂವರೆ. ಬೆಳಿಗ್ಗೆ ಮುಂದಿನ ಕೋಣೆಯ ಪರದೆ ಒಗೆದೆ. ಮಧ್ಯಾಹ್ನ ಚಹಾ ಮಾರುವ ಮಾರ್ಲೀನ್ ಜೊತೆ ಫುಟ್‌ಬಾಲ್ ಮೈದಾನಕ್ಕೆ ಹೋಗಿ ಅವಳ ಚಹಾ ಗೂಡಿನ ದೊಡ್ಡ ಕೊಳಗವನ್ನು ಉಜ್ಜಿ ಇಟ್ಟು ಬಂದೆ. ಬಂದ ಮೇಲೆ ಒಂದು ಮೊಟ್ಟೆ ಬೇಯಿಸಿಕೊಂಡು ಬ್ರೆಡ್ಡಿನ ಜೊತೆ ತಿಂದೆ. ಇವತ್ತಿನ ದಿನ ಇಷ್ಟೇ. ಅಡಿಗೆಮನೆಯ ಮೇಜಿನ ಮೇಲೆ ಇನ್ನೂ ಬಿಸಿಲಿದೆ. ಏಪ್ರಿಲ್ ಕೊನೆಯ ಬಿಸಿಲು ನಿನಗೆ ಗೊತ್ತಲ್ಲ, ಹೊರಟೆ ಹೊರಟೆ ಎನ್ನುತ್ತ ಬಾಗಿಲಲ್ಲೇ ನಿಂತು ಮಾತಾಡುವ ನೆಂಟರ ಹಾಗೆ.

ನಿನ್ನ ಕಾಗದ ಫೆಬ್ರವರಿಯಲ್ಲೇ ಬಂದಿತ್ತು. ಓದಿ ಗಡಿಯಾರದ ಹಿಂದೆ ಇಟ್ಟೆ. ಗಂಟೆ ನೋಡಿದಾಗಲೆಲ್ಲ ಅದರ ಮೂಲೆ ಕಾಣುತ್ತಿತ್ತು. ಇಷ್ಟು ತಡ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬರೆಯುವುದನ್ನು ನಾನು ಬಿಟ್ಟಿಲ್ಲ, ಮಲಗುವ ಮುಂಚೆ ದಿನಚರಿಯಲ್ಲಿ ನಾಲ್ಕು ಸಾಲು ಗೀಚುತ್ತೇನೆ. ದಿನಚರಿಯ ಒಳ್ಳೆಯತನ ಏನೆಂದರೆ, ಅದು ತಿರುಗಿ ‘ಹೇಗಿದ್ದೀಯಾ’ ಎಂದು ಕೇಳುವುದಿಲ್ಲ.

ಸೊಂಟದ ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತಲು ಆಗುತ್ತಿದೆಯೇ? ಮಗಳು ಸೊಪ್ಪುಸದೆ ಬಿಟ್ಟು ಬೇರೇನಾದರೂ ಹಾಕುತ್ತಾಳೆಯೇ? ಕಡಲಹಕ್ಕಿಯೊಂದು ನಿನ್ನ ಕೈಯಿಂದಲೇ ಕರಿದ ಮೀನು ಕಿತ್ತುಕೊಂಡು ಹೋಯಿತು ಎಂದು ಬರೆದಿದ್ದೆ. ಅದನ್ನು ಓದಿ ನನಗೆ ನನ್ನ ಡೆರಿಕ್‌ನ ದನಿಯೇ ಕೇಳಿಸಿತು: “ಗೋಲಲ್ಲಿ ನಿಂತಿದ್ದಾಗ್ಲೂ ಅವನ ಕೈಗೆ ಬಂದಿದ್ದು ಹೀಗೇ ಹೋಗ್ತಿತ್ತು ಬಿಡೇ.” ನಗಬೇಡ. ನಿನ್ನ ಬಗ್ಗೆ ಬೇರೆಯವರು ಹಾಗೆ ಹೇಳಿದರೆ ಅವನು ಹೊಡೆದಾಟಕ್ಕೇ ಹೋಗುತ್ತಿದ್ದ.

ಈಗ ನಿನ್ನ ಪ್ರಶ್ನೆ. ಕೆಳಗಿನ ಡಿವಿಷನ್‌ಗಳ ಆಟ ನಿಜವಾಗಿಯೂ ಸುಧಾರಿಸಿದೆಯೇ ಅಥವಾ ಪೇಪರಿನವರು ಸುಮ್ಮನೆ ಬರೆಯುತ್ತಾರೋ ಎಂದು ಕೇಳಿದ್ದೀಯ. ಡೆರಿಕ್ ಇದ್ದಿದ್ದರೆ ಅವನನ್ನೇ ಕೇಳುತ್ತಿದ್ದೆ ಎಂದೂ ಬರೆದಿದ್ದೀಯ. ಅವನೇನು ಹೇಳುತ್ತಿದ್ದ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ನಲವತ್ತು ವರ್ಷ ಆ ಒಂದೇ ಮಾತು ಕೇಳಿದ್ದೇನೆ. “ಎಲ್ರೂ ಒಂದೇ ಪುಸ್ತಕ ಓದ್ಕೊಂಡು ಬಂದವ್ರೆ ಕಣೇ. ಚೆಂಡನ್ನ ಆ ಕಡೆ ಕೊಡು, ಈ ಕಡೆ ಕೊಡು, ಮುದುಕೀರು ಕೇಕಿನ ತಟ್ಟೆ ದಾಟಿಸ್ದಂಗೆ. ಒಬ್ಬನಿಗೂ ತಲೇಲಿ ಹೊಡೆಯೋಕೆ ಬರಲ್ಲ. ಆಟ ಹಾಳಾಯ್ತು.” ಪ್ರತಿ ಶನಿವಾರ ಆಟ ಹಾಳಾಗುತ್ತಿತ್ತು. ಮುಂದಿನ ಶನಿವಾರ ಮತ್ತೆ ಹೋಗುತ್ತಿದ್ದ, ಇನ್ನೂ ಸ್ವಲ್ಪ ಹಾಳಾಗಲು ಏನಾದರೂ ಉಳಿದಿದೆಯೋ ಎಂದು ನೋಡಲಿಕ್ಕೆ.

ಅವನಿಗೆ ಎಲ್ಲಕ್ಕಿಂತ ಸಿಟ್ಟು ಬರಿಸುತ್ತಿದ್ದವನು ನಮ್ಮ ಗೋಲ್‌ಕೀಪರ್ ಡಾಮಿನಿಕ್. ನೀನು ಇಲ್ಲಿಂದ ಹೋದ ಮೇಲೆ ಬಂದವನು, ವಾರವೆಲ್ಲ ಗೋಡೆಗಳಿಗೆ ಗಾರೆ ಹಚ್ಚುವ ಕೆಲಸ ಮಾಡುತ್ತಾನೆ. ಎತ್ತರದ ಆಳು, ಮಾತು ಕಡಿಮೆ. ಚೆಂಡು ಸಿಕ್ಕರೆ ಒದೆಯುವುದಿಲ್ಲ. ಕಾಲಿನ ಕೆಳಗೆ ಇಟ್ಟುಕೊಂಡು ನಿಲ್ಲುತ್ತಾನೆ, ಎದುರಾಳಿ ಓಡಿ ಓಡಿ ಹತ್ತಿರ ಬರುವ ತನಕ. ಒಂದು ದಿನ ಡೆರಿಕ್ ಮೈದಾನದ ಈ ತುದಿಯಿಂದ ಕೂಗಿದ: “ಏಯ್! ಒದಿಯೋ! ಅದೇನು ಮೊಟ್ಟೆನಾ, ಕಾವು ಕೊಡ್ತಾ ಕೂತಿದೀಯಲ್ಲಾ!” ನಮ್ಮಲ್ಲಿ ಬರುವ ನಾಲ್ಕಾರು ನೂರು ಜನರ ಮಧ್ಯೆ ಅವನ ದನಿ ಎಲ್ಲಿಗೆ ಬೇಕಾದರೂ ಮುಟ್ಟುತ್ತಿತ್ತು. ಡಾಮಿನಿಕ್ ಸಾವಕಾಶವಾಗಿ ಪಾಸ್ ಕೊಟ್ಟ. ಆಮೇಲೆ ಬಾಯಿಗೆ ಎರಡೂ ಕೈ ಹಿಡಿದು ಆ ತುದಿಯಿಂದ ಕೂಗಿದ: “ಮರಿ ಆದ್ರೆ ಮೊದಲು ನಿಮ್ಗೇ ತೋರಿಸ್ತೀನಿ, ಯಜಮಾನ್ರೇ!” ಇಡೀ ಮೈದಾನ ನಕ್ಕಿತು. ಡೆರಿಕ್ ನಗಲಿಲ್ಲ. ಮನೆಗೆ ಬಂದು ಬೂಟು ಬಿಚ್ಚುವಾಗ ಒಬ್ಬನೇ ನಕ್ಕ. ಅಲ್ಲಿಂದ ಮುಂದೆ ಅದು ಅವರಿಬ್ಬರ ಆಟವಾಯಿತು. ಇವನು “ಮರಿ ಆಯ್ತೇನೋ?” ಅನ್ನುವನು, ಅವನು “ಇನ್ನೂ ಇಲ್ಲ, ಯಜಮಾನ್ರೇ” ಅನ್ನುವನು.

ನನ್ನ ಅಭಿಪ್ರಾಯ ಕೇಳಿದರೆ, ನಾನು ಹದಿನೈದಕ್ಕೇ ಶಾಲೆ ಬಿಟ್ಟವಳು, ಟವೆಲ್ ಗಿರಣಿಯಲ್ಲಿ ಅಂಚು ಹೊಲಿದವಳು. ಆದರೂ ನನಗೆ ನನ್ನದೇ ಒಂದು ಅಳತೆ ಇದೆ. ಮೊದಲೆಲ್ಲ ಆಟ ನೋಡಿ ಬಂದರೆ ಭಾನುವಾರ ಪೂರ್ತಿ ನನಗೆ ಕತ್ತು ನೋವು. ಮೇಲೆ ನೋಡಿ ನೋಡಿ ಬಂದ ನೋವು. ನೀನು ಒದ್ದ ಚೆಂಡು ಮೋಡದಲ್ಲಿ ಹೋಗಿ, ಅಲ್ಲಿ ಏನೋ ಯೋಚನೆ ಮಾಡಿ, ಯಾರ ತಲೆಯ ಮೇಲೆ ಬೀಳಬೇಕೆಂದು ತಿಳಿಯದೆ ಕಾಲುವೆಗೆ ಬೀಳುತ್ತಿತ್ತು. ಉದ್ದನೆ ಕೋಲಿಗೆ ಬಲೆ ಕಟ್ಟಿಕೊಂಡು ಒಬ್ಬ ದಡದಲ್ಲೇ ಕಾದಿರುತ್ತಿದ್ದ, ನೆನಪಿದೆಯಾ? ಆ ಬಲೆಯಲ್ಲಿ ಈಗ ಜೇಡ ಮನೆ ಮಾಡಿದೆ. ಜನವರಿಯಲ್ಲಿ ನೀವೆಲ್ಲ ಕೆಸರಿನಲ್ಲಿ ಮೊಣಕಾಲ ತನಕ ಹೂತು ನಿಂತಿರುತ್ತಿದ್ದಿರಿ, ಯಾರು ನಮ್ಮವರು ಯಾರು ಅವರು ಅಂತ ಅಂಗಿಯ ಬಣ್ಣವೂ ಹೇಳುತ್ತಿರಲಿಲ್ಲ. ಈಗ ನೀರು ನಿಲ್ಲುವುದಿಲ್ಲ. ದೊಡ್ಡ ಕ್ಲಬ್‌ಗಳಲ್ಲಿ ಚಿಕ್ಕಂದಿನಿಂದ ಕಲಿತು, ಅಲ್ಲಿ ಜಾಗ ಸಿಗದ ಹುಡುಗರು ಇಲ್ಲಿಗೆ ಇಳಿದು ಬರುತ್ತಾರೆ. ಅವರು ಚೆಂಡನ್ನು ನೆಲದ ಮೇಲೇ ಇಡುತ್ತಾರೆ. ನನ್ನ ಕತ್ತು ನೋಯದೆ ಎಷ್ಟೋ ವರ್ಷವಾಯಿತು. ಹಾಗಾಗಿ ಹೌದು ಕ್ಲಿಫರ್ಡ್, ಸುಧಾರಿಸಿದೆ. ಡೆರಿಕ್ ಎದುರಿಗೆ ನಾನು ಇದನ್ನು ಗಟ್ಟಿಯಾಗಿ ಹೇಳಿದ್ದು ಕಡಿಮೆ. ಹೇಳಿದಾಗ, “ಒಂದೇ ಒಂದು ಗೋಲು ತೋರ್ಸು ನಂಗೆ. ಹಾಳು ಬಾಯಿ ಮುಚ್ಕೊಂಡು ಒಪ್ಕೋತೀನಿ” ಎನ್ನುತ್ತಿದ್ದ.

ಊರಿನ ದೊಡ್ಡ ಸುದ್ದಿ ಎಂದರೆ, ನಾಳೆ ಕೊನೆಯ ಆಟ. ಗೆದ್ದರೆ ನಾವು ಮೇಲಿನ ಡಿವಿಷನ್‌ಗೆ. ಥಾರ್ನ್‌ಕ್ಲಫ್ ಅಷ್ಟು ಮೇಲೆ ಎಂದೂ ಹೋಗಿಲ್ಲ. ಬೇಕರಿಯವಳು ಟೀಮಿನ ಬಣ್ಣ ಅಂತ ಬನ್ನುಗಳ ಮೇಲೆ ಕೆಂಪು ಸಕ್ಕರೆ ಹಾಕಿದ್ದಾಳೆ. ಆದರೆ ಮೇಲಿನವರದ್ದು ಒಂದು ನಿಯಮ: ಎದುರಾಳಿಯ ಕಡೆಯವರನ್ನು ಬೇಲಿ ಹಾಕಿ ಬೇರೆ ನಿಲ್ಲಿಸಬೇಕು. ಒಂದು ಕಡೆ ನಿಂತವರು ಇನ್ನೊಂದು ಕಡೆಗೆ ಹೋಗುವಂತಿಲ್ಲ. ಇವತ್ತು ನಾವು ಕೊಳಗ ಉಜ್ಜುತ್ತಿದ್ದಾಗ ಕ್ಲಬ್ಬಿನ ಅಧ್ಯಕ್ಷ ಗೋರ್ಡನ್ ಟೇಪು ಹಿಡಿದು ಬೇಲಿಯ ಜಾಗ ಅಳೆಯುತ್ತಿದ್ದ.

ಮಾರ್ಲೀನ್ ಸುಮ್ಮನಿರುವವಳೇ? “ಏನಯ್ಯಾ ಗೋರ್ಡನ್, ಮಗು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಿದೀಯಾ?”

“ಗೆಲ್ತೀವಿ ಕಣಮ್ಮ. ಗೆದ್ದ ಮೇಲೆ ಪರದಾಡೋದು ಬೇಡ ಅಂತ.”

“ಗೆದ್ರೆ ನಮ್ಮನ್ನ ಕೋಳಿ ಥರ ಗೂಡಲ್ಲಿ ಹಾಕ್ತೀಯಾ ಅನ್ನು.”

“ನಾನಲ್ಲ, ಮೇಲಿನವರು!” ಅಂದ ಗೋರ್ಡನ್, ಟೇಪು ಅವನ ಬೆರಳಿಗೇ ಹೊಡೆಯಿತು.

ಅವನು ಹೋದ ಮೇಲೆ ಮಾರ್ಲೀನ್ ನನ್ನ ಕಡೆ ನೋಡದೆ ಕೇಳಿದಳು: “ನೀನು ಏನು ಬೇಡ್ಕೋತಿದೀಯೇ ಬೆರಿಲ್? ಗೆಲ್ಲೋದೋ, ಸೋಲೋದೋ?” ಗೆಲ್ಲಲಿ ಅಂದೆ. ಬಾಯಿ ಅಂದಿತು. ಮನಸ್ಸು ಏನಂದಿತೋ ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ.

ಬೇಲಿಗೆ ಇವಳೇಕೆ ಇಷ್ಟು ಕೊರಗುತ್ತಾಳೆ ಎಂದು ನಿನಗೆ ಅನ್ನಿಸಬಹುದು. ಅರ್ಧ ವಿರಾಮದಲ್ಲಿ ನೀನು ಯಾವಾಗಲೂ ಒಳಗೆ ಕೂತು ಕಿತ್ತಳೆ ತಿನ್ನುತ್ತಿದ್ದೆ. ಹೊರಗೆ ಏನು ನಡೆಯುತ್ತದೆಂದು ನೀನು ನೋಡಿಯೇ ಇಲ್ಲ. ನಮ್ಮವರು ಮೊದಲಾರ್ಧ ಕಾಲುವೆ ಕಡೆಯ ಗೋಲಿಗೆ ಹೊಡೆಯುತ್ತಾರೆ, ಆಗ ನಾವೆಲ್ಲ ಕಾಲುವೆ ಕಡೆ ನಿಂತಿರುತ್ತೇವೆ. ಎರಡನೆಯ ಅರ್ಧ ಗಿರಣಿ ಕಡೆಯ ಗೋಲಿಗೆ. ಸೀಟಿ ಊದಿದ್ದೇ ತಡ, ಇಡೀ ಜನ ಹೊರಡುತ್ತದೆ. ಯಾರೂ ಅವಸರ ಮಾಡುವುದಿಲ್ಲ. ಮುದುಕರು, ಕಂಕುಳಲ್ಲಿ ಮಗು, ನಾಯಿ, ಮಾಂಸ ತುಂಬಿದ ಬಿಸಿ ಪೈ ಹಿಡಿದ ಕೈ, ಚಹಾದ ಆವಿ, ಎಲ್ಲ ಮೈದಾನದ ಅಂಚು ಹಿಡಿದು ನಿಧಾನವಾಗಿ ಸಾಗುತ್ತದೆ. ಎದುರಿನಿಂದ ಆ ಊರಿನವರು ಬರುತ್ತಾರೆ, ಅವರ ಗೋಲೂ ಬದಲಾಯಿತಲ್ಲ. ನಡುದಾರಿಯಲ್ಲಿ ಇಬ್ಬರೂ ಸೇರುತ್ತಾರೆ. “ನಿಮ್ಮ ಏಳನೇ ನಂಬರಿನವನಿಗೆ ಕನ್ನಡಕ ಕೊಡ್ಸಿ” ಅಂತ ಇವರು, “ನಿಮ್ಮ ಪೈನಲ್ಲಿ ಮಾಂಸ ಎಲ್ಲಿದೆ, ಹುಡುಕಿ ಕೊಡಿ” ಅಂತ ಅವರು. ಒಂದಾದ ಮೇಲೆ ಒಂದು ದೀಪ ಹತ್ತಿಕೊಳ್ಳುತ್ತದೆ. ಕಾಲುವೆಯಿಂದ ಮಂಜು ಏಳುತ್ತದೆ. ಆ ಹದಿನೈದು ನಿಮಿಷ ಯಾರೂ ಗೆಲ್ಲುತ್ತಿಲ್ಲ, ಯಾರೂ ಸೋಲುತ್ತಿಲ್ಲ. ನನಗೆ ಫುಟ್‌ಬಾಲ್ ಅಂದರೆ ಮನಸ್ಸಿನಲ್ಲಿ ಮೊದಲು ಬರುವುದು ಆ ನಡಿಗೆಯೇ, ಚೆಂಡು ಆಮೇಲೆ.

ಹೋಗಲು ಎರಡು ದಾರಿ. ಒಂದು ಚಹಾ ಗೂಡಿನ ಬದಿ, ಎಲ್ಲರೂ ಹೋಗುವುದು ಅದೇ. ಇನ್ನೊಂದು ತರಕಾರಿ ಮಡಿಗಳ ಬದಿ. ಅಲ್ಲಿ ಕಾಲುದಾರಿ ಇಕ್ಕಟ್ಟು, ಬೇಲಿಯಾಚೆ ಊರಿನವರ ಮಡಿಗಳು. ಡೆರಿಕ್ ಆ ಬದಿಯವನು, ಬೇರೆಯವರ ಈರುಳ್ಳಿ ನೋಡಿ ತಲೆಯಾಡಿಸದಿದ್ದರೆ ಅವನಿಗೆ ಶನಿವಾರ ಆಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇಬ್ಬರೂ ಚಹಾ ಗೂಡಿನ ಬದಿಯಲ್ಲೇ ಕೈ ಹಿಡಿದು ಹೋಗುತ್ತಿದ್ದೆವು. ಒಂದು ಕಪ್ ಪಂದ್ಯದ ದಿನ, ನೀನೇ ಗೋಲಿನಲ್ಲಿದ್ದೆ, ಅರ್ಧಕ್ಕೆ ಮೂರು ಗೋಲು ಹಿಂದಿದ್ದೆವು. ನಾನು ಅವನ ಫ್ಲಾಸ್ಕು ಮನೆಯಲ್ಲೇ ಮರೆತಿದ್ದೆ. ಜಗಳ ಮಾಡಿಕೊಂಡು ಅವನು ಆ ಬದಿ, ನಾನು ಈ ಬದಿ ಹೋದೆವು. ಎರಡನೆಯ ಅರ್ಧದಲ್ಲಿ ನಾಲ್ಕು ಗೋಲು ಹೊಡೆದಿರಿ. ಗಿರಣಿ ಕಡೆ ನನ್ನನ್ನು ಎತ್ತಿ ತಿರುಗಿಸಿ ಅವನು ಹೇಳಿದ: “ಇನ್ಮೇಲೆ ನೀನು ಆ ಬದಿ, ನಾನು ಈ ಬದಿ. ಟೀಮಿಗೋಸ್ಕರ ಕಣೇ.” ಆಮೇಲೆ ಎಷ್ಟು ಸೋತೆವೋ ದೇವರೇ ಬಲ್ಲ. ಆದರೆ ನಿಲ್ಲಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ. ನಿಲ್ಲಿಸಿದ ದಿನವೇ ಟೀಮು ಕೆಳಗಿಳಿದರೆ? ಹೀಗೆ ಜೀವಮಾನದ ಶನಿವಾರಗಳೆಲ್ಲ, ನಾವು ಅರ್ಧ ವಿರಾಮದಲ್ಲಿ ಬೇರೆಯಾಗಿ, ಗಿರಣಿ ಕಡೆಯ ಗಿಡ್ಡ ಗೋಡೆಯ ಹತ್ತಿರ ಮತ್ತೆ ಸೇರುತ್ತಿದ್ದೆವು. ನಾನು ಎರಡು ಚಹಾ ಹಿಡಿದು ಬರುವೆ, ಅವನು ಎರಡು ಚಾಡಿ ಹಿಡಿದು ಬರುವನು.

ಅಕ್ಟೋಬರಿನಲ್ಲಿ ಏನಾಯಿತು ಎಂದು ನೀನು ಕೇಳಲಿಲ್ಲ, ಅದಕ್ಕೆ ನಿನಗೆ ಋಣಿ. ಶವಸಂಸ್ಕಾರಕ್ಕೆ ಬರಲಾಗಲಿಲ್ಲ ಎಂಬ ಬೇಸರ ಇನ್ನು ಬಿಡು, ನೀನು ಕಳಿಸಿದ ಹೂವನ್ನು ಅವನ ಕಾಲ ಬಳಿಯೇ ಇಟ್ಟಿದ್ದೆ. ಅಂದು ಅರ್ಧ ವಿರಾಮದಲ್ಲಿ ಅವನು ಎಂದಿನಂತೆ ಆ ಬದಿ ಹೋದ. ಅಲ್ಲಿ ಕಾಲುವೆ ಕಡೆಯ ಮೂಲೆಗೆ ಹತ್ತಿರ ಒಂದು ಹಳೆಯ ಬೆಂಚಿದೆ. ಅದರ ಮೇಲೆ ಕೂತ. ಮತ್ತೆ ಏಳಲಿಲ್ಲ. ನಮ್ಮ ಜನ ಎಲ್ಲ ಗಿರಣಿ ಕಡೆ ಬಂದಿದ್ದರು, ಕಾಲುವೆ ಕಡೆ ನಿಂತ ಆ ಊರಿನವರ ಕಣ್ಣೆಲ್ಲ ಆಟದ ಮೇಲಿತ್ತು, ಬೆಂಚಿನ ಕಡೆ ಯಾರೂ ತಿರುಗಲಿಲ್ಲ. ಈರುಳ್ಳಿ ಮಾತಿನಲ್ಲಿ ನಿಂತಿರಬೇಕು ಎಂದುಕೊಂಡೆ, ಎಷ್ಟೋ ಸಲ ಹಾಗೆ ನಿಂತಿದ್ದಾನೆ. ಆಟ ಮುಗಿದ ಮೇಲೆ ಡಾಮಿನಿಕ್ ಗ್ಲೌಸು ಕೂಡ ಬಿಚ್ಚದೆ ಮೈದಾನ ಅಡ್ಡ ದಾಟಿ ನನ್ನ ಹತ್ತಿರ ಓಡಿ ಬಂದ. ಊರಿನವರು, “ಪುಣ್ಯವಂತ, ಫುಟ್‌ಬಾಲ್ ನೋಡ್ತಾ ಹೋದ” ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದ ಅನ್ನುತ್ತಾರೆ, ನಾನು ತಲೆಯಾಡಿಸುತ್ತೇನೆ.

ಆಮೇಲೂ ನಾನು ಪ್ರತಿ ಆಟಕ್ಕೆ ಹೋಗುತ್ತಿದ್ದೇನೆ. ನನ್ನ ಬದಿಯಿಂದಲೇ ನಡೆಯುತ್ತೇನೆ. ಮಾರ್ಲೀನ್ ಏನೂ ಕೇಳದೆ ಎರಡು ಚಹಾ ಬಗ್ಗಿಸುತ್ತಾಳೆ, ನಾನು ಏನೂ ಹೇಳದೆ ಎರಡನ್ನೂ ಹಿಡಿದು ಹೋಗುತ್ತೇನೆ. ಆ ನಡಿಗೆಯಲ್ಲಿ ನನಗೆ ಅವನು ಇಲ್ಲ ಅನ್ನಿಸುವುದಿಲ್ಲ. ಬೇರೆ ಬದಿಯಿಂದ ಬರುತ್ತಿದ್ದಾನೆ ಅನ್ನಿಸುತ್ತದೆ. ಮೈದಾನದ ಮೇಲೆ ಮಂಜು ಇದ್ದರೆ ಇನ್ನೂ ಸುಲಭ, ಆ ಅಂಚು ಕಾಣುವುದೇ ಇಲ್ಲವಲ್ಲ. ಕೆಲವು ಸಲ ಕನಸಿನಲ್ಲಿಯೂ ನಡೆಯುತ್ತೇನೆ. ಕನಸಿನ ಮೈದಾನ ತುಂಬಾ ಉದ್ದ, ಚಹಾ ಆರುವುದಿಲ್ಲ, ಸೀಟಿ ಊದುವುದಿಲ್ಲ. ಬೇಲಿ ಬಂದರೆ ಆ ಹದಿನೈದು ನಿಮಿಷ ಹೋಗುತ್ತದೆ, ಅಷ್ಟೇ ಕ್ಲಿಫರ್ಡ್. ಆಟ ಮೇಲೇರುತ್ತದೆ, ನಾವು ನಿಂತಲ್ಲೇ ನಿಲ್ಲುತ್ತೇವೆ.

ಇವತ್ತು ಗೂಡಿನ ಬಾಗಿಲು ಹಾಕುವಾಗ ಡಾಮಿನಿಕ್ ಬಂದ. ಕೂದಲಲ್ಲಿ ಗಾರೆಯ ಪುಡಿ. ಬಾಗಿಲಿಗೆ ಒರಗಿ ನಿಂತು ಚಹಾ ಕುಡಿದ. ನಾಳೆಗೆ ಅವನ ಆಟ ಇಲ್ಲಿ ಮುಗಿಯಿತು, ದೊಡ್ಡ ಕ್ಲಬ್ಬೊಂದು ಕರೆದಿದೆ. ಇನ್ನು ಗಾರೆ ಹಚ್ಚಬೇಕಾಗಿಲ್ಲ, ಬರಿಯ ಫುಟ್‌ಬಾಲ್. “ಒಳ್ಳೇದಾಯ್ತಲ್ಲಪ್ಪ” ಅಂದೆ.

“ಅಲ್ಲೂ ಯಾರಾದ್ರೂ ಬೈಯೋರು ಇರ್ತಾರೇನೋ ನೋಡ್ಬೇಕು” ಅಂದ.

“ಇರ್ತಾರೆ. ಹೆಚ್ಚು ದುಡ್ಡು ಕೊಟ್ಟು ಬಂದಿರ್ತಾರೆ, ಹೆಚ್ಚೇ ಬೈತಾರೆ” ಅಂದಳು ಮಾರ್ಲೀನ್.

ಅವನು ನಗಲಿಲ್ಲ. ಲೋಟದೊಳಗೆ ನೋಡುತ್ತ, “ಬೆರಿಲಮ್ಮ, ನೀವು ಆ ಬದಿಯಿಂದ ಒಂದ್ಸಲಾನೂ ಬರಲ್ಲ” ಅಂದ.

“ಅದು ಡೆರಿಕ್‌ನ ಬದಿ ಕಣಪ್ಪ.”

“ಆ ಬೆಂಚಿಂದ ಚೆನ್ನಾಗಿ ಕಾಣುತ್ತೆ.”

“ಏನು ಕಾಣುತ್ತೆ?”

“ಎಲ್ಲಾನೂ. ಗಿರಣಿ ಕಡೆ ಗೋಲಿನ ಬಲೆ ತನಕ ಕಾಣುತ್ತೆ.” ಇನ್ನೂ ಏನೋ ಹೇಳುವವನಂತೆ ನಿಂತ. ನಾನು ಲೋಟಕ್ಕೆ ಕೈ ಚಾಚಿದೆ. ಕೊಟ್ಟು ಹೊರಟುಹೋದ.

ಬಿಸಿಲು ಈಗ ಮೇಜಿನಿಂದ ಇಳಿಯಿತು. ನಿನ್ನ ಕಾಲಿಗೆ ಬಲ ಬರಲಿ, ಸಮುದ್ರದ ಗಾಳಿ ನಿನಗೆ ಒಗ್ಗಲಿ, ಹಕ್ಕಿಗಳು ನಿನ್ನ ಮೀನನ್ನು ಬಿಟ್ಟು ಪಕ್ಕದ ಮನೆಯವರದ್ದು ತಿನ್ನಲಿ. ನಿನ್ನ ಮಗಳಿಗೂ ಅವಳ ಮಕ್ಕಳಿಗೂ ನನ್ನ ಪ್ರೀತಿ ಹೇಳು. ದೇವರು ನಿಮ್ಮನ್ನೆಲ್ಲ ಬೆಚ್ಚಗೆ ಇಟ್ಟಿರಲಿ.

ನಿನ್ನ ಹಳೆಯ ಗೆಳತಿ,
ಬೆರಿಲ್

ತಾ.ಕ.: ಈಚೆಗೆ ನೋಡಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಗೋಲು ಯಾವುದು ಎಂದೂ ಕೇಳಿದ್ದೆ. ಮೇಲೆ ಅದಕ್ಕೆ ಉತ್ತರ ಬರೆಯಲಿಲ್ಲ, ಬರೆಯಬಾರದು ಎಂದೇ ಇದ್ದೆ. ಆದರೆ ಲಕೋಟೆಗೆ ಅಂಟು ಹಚ್ಚಲು ಕೈ ಬರುತ್ತಿಲ್ಲ.

ಅದು ಅಕ್ಟೋಬರಿನ ಆ ದಿನದ್ದು. ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಕಾಲುವೆ ಕಡೆ ಡಾಮಿನಿಕ್ ಚೆಂಡನ್ನು ಕಾಲಿನ ಕೆಳಗೆ ಇಟ್ಟುಕೊಂಡು ನಿಂತ. ‘ಒದಿಯೋ’ ಎಂಬ ಕೂಗಿಗೆ ನಾನು ಕಾದೆ, ಬರಲಿಲ್ಲ. ಅವನು ಎಡಕ್ಕೆ ಕೊಟ್ಟ. ಅಲ್ಲಿಂದ ನಡುವಿಗೆ, ನಡುವಿನಿಂದ ಹಿಂದಕ್ಕೆ, ಮತ್ತೆ ಮುಂದಕ್ಕೆ. ಯಾರೋ ಮಾತಾಡದೆ ಕೂತು ನೂಲು ಸುತ್ತುತ್ತಿರುವ ಹಾಗೆ. ಚೆಂಡು ಒಮ್ಮೆಯೂ ಹುಲ್ಲು ಬಿಟ್ಟು ಏಳಲಿಲ್ಲ. ನಮ್ಮವರು ಹನ್ನೊಂದು ಜನವೂ ಅದನ್ನು ಮುಟ್ಟಿರಬೇಕು. ಕೊನೆಗೆ ಅದು ನನ್ನೆದುರಿಗೆ ಬಲೆಯೊಳಗೆ ಉರುಳಿತು, ಬೆಕ್ಕು ತನ್ನ ಮನೆಯೊಳಗೆ ಹೋದ ಹಾಗೆ. ಆ ಊರಿನವರೂ ಚಪ್ಪಾಳೆ ಹೊಡೆದರು. ನಾನು ಪಕ್ಕಕ್ಕೆ ತಿರುಗಿದೆ. ‘ಈಗ ಏನಂತೀಯ?’ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಗೋಡೆಯ ಮೇಲೆ ಅವನ ಚಹಾ ಮಾತ್ರ ಇತ್ತು. ಆಗ ದೂರದಲ್ಲಿ ಡಾಮಿನಿಕ್ ಕಂಡ. ಅವನು ತನ್ನವರ ಕಡೆ ಓಡಿ ಬಂದಿರಲಿಲ್ಲ. ತರಕಾರಿ ಮಡಿಗಳ ಬದಿಗೆ ತಿರುಗಿ, ಒಂದು ಕೈ ಮೇಲೆತ್ತಿ ಏನೋ ಕೂಗುತ್ತಿದ್ದ. ಮಡಿಯಲ್ಲಿ ಯಾರೋ ಪರಿಚಯದವರು ಇರಬೇಕು ಎಂದುಕೊಂಡೆ.

ಡೆರಿಕ್ ಆ ಗೋಲು ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಯಾವ ಹೊತ್ತಿಗೆ ಹೋದ ಎಂದು ವೈದ್ಯರಿಗೂ ಹೇಳಲು ಆಗಲಿಲ್ಲ. ಗೊತ್ತಿರುವವನು ಡಾಮಿನಿಕ್ ಒಬ್ಬನೇ. ಅವನು ಕೈ ಎತ್ತಿದಾಗ ಬೆಂಚಿನಿಂದಲೂ ಒಂದು ಕೈ ಎದ್ದಿತೋ ಇಲ್ಲವೋ, ಅದನ್ನು ಅವನು ಕಂಡಿದ್ದಾನೆ. ಚಳಿಗಾಲ ಪೂರ್ತಿ ಅವನಿಗೆ ಚಹಾ ಕೊಟ್ಟೆ, ಕೇಳಲಿಲ್ಲ. ಕೇಳದಿದ್ದರೆ ಎರಡೂ ನಿಜ. ಕೇಳಿದರೆ ಒಂದೇ ಉಳಿಯುತ್ತದೆ. ಆದರೆ ಇವತ್ತು ಅವನು ಬಲೆಯ ತನಕ ಕಾಣುತ್ತೆ ಅಂದ. ಅವನು ಆ ಬೆಂಚಿನ ಮೇಲೆ ಹೋಗಿ ಕೂತು ನೋಡಿದ್ದಾನೆ, ಕ್ಲಿಫರ್ಡ್. ಇಲ್ಲದಿದ್ದರೆ ಅವನಿಗೆ ಅದು ಹೇಗೆ ಗೊತ್ತಾಗಬೇಕು?

ನಾಳೆ ಆಟ ಮೂರು ಗಂಟೆಗೆ, ಅರ್ಧ ವಿರಾಮ ಮೂರೂ ಮುಕ್ಕಾಲಿಗೆ. ನನಗೆ ಚಹಾ ತೆಗೆದಿಡಬೇಡ ಎಂದು ಮಾರ್ಲೀನ್‌ಗೆ ಹೇಳಿದ್ದೇನೆ. ನಾನು ತರಕಾರಿ ಮಡಿಗಳ ಬದಿಯಿಂದ ಹೋಗುತ್ತೇನೆ.